ಏಳನೇ ಸೀಸನ್ನಿನ ಕೊನೆಯ ಭಾನುವಾರ

ನೀಲಿ, ಬರೀ ನೀಲಿ, ಅದರೊಳಗೆ ಸಿಗ್ನಲ್ ಇಲ್ಲ ಎಂಬ ಬಿಳಿ ಅಕ್ಷರಗಳು ಈ ಅಂಚಿಗೆ ಮುಟ್ಟಿ ಆ ಅಂಚಿಗೆ ಹೊರಳುತ್ತಿವೆ, ನಯನಾಳ ಮಡಿಲಲ್ಲಿ ಅವರೆಕಾಯಿ, ಬೆರಳು ಒಂದು ಕಾಯನ್ನು ಅರ್ಧ ಬಿಡಿಸಿ ಅಲ್ಲೇ ನಿಂತಿದೆ — ಕೋತಿಗಳು, ಇನ್ನೇನು, ಈಗಷ್ಟೇ ತಾರಸಿಯ ಮೇಲೆ ದಡದಡ ಓಡಿದ್ದು ಅವೇ, ಕಾಡಿನ ಕಡೆಯಿಂದ ಬಂದು ಡಿಶ್‌ಗೆ ಜೋತುಬೀಳದ ಮನೆ ಈ ಹಂಗಳ ಊರಿನಲ್ಲಿ ಯಾವುದಿದೆ, ಥೂ ಮುಂಡೇವಾ, ಇವತ್ತೇ ಆಗ್ಬೇಕಿತ್ತಾ ನಿಮ್ಗೆ, ಫೈನಲ್ ಇಟ್ಕಂಡು, ಎಂದು ಪಕ್ಕದಲ್ಲಿ ಕೂತ ಅತ್ತೆ ಮಲ್ಲಾಜಮ್ಮ ಸೂರು ನೋಡಿ ಬೈಯುತ್ತಿದ್ದಾರೆ, ನಯನಾ ಕಿಟಕಿ ನೋಡುತ್ತಾಳೆ, ನೋಡಬಾರದಿತ್ತು. ಮನೆ ತಗ್ಗು, ತಾರಸಿಯ ಅಂಚು ಕಿಟಕಿಗಿಂತ ಗೇಣು ಮೇಲೆ, ಆಗೆಲ್ಲ ಗಂಡ ಮಾದೇಶ ಲುಂಗಿ ಎತ್ತಿ ಕಟ್ಟಿ ಹತ್ತಿ ಅಲ್ಲೇ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ಪಕ್ಕದ ಡಿಶ್ಶನ್ನು ಒಂದು ಕೈಯಲ್ಲಿ ತಿರುಗಿಸುತ್ತಿದ್ದ, ಒಳಗಿನಿಂದ ಅವಳಿಗೆ ಕಾಣುತ್ತಿದ್ದುದು ಕಿಟಕಿಯ ಮೇಲ್ತುದಿಯಲ್ಲಿ ಎರಡು ಪಾದ ಅಷ್ಟೇ, ಹೆಬ್ಬೆರಳಿಗಿಂತ ಉದ್ದವಾದ ಪಕ್ಕದ ಬೆರಳು, ಅದರ ಮೇಲೆ ಚಪ್ಪಲಿಯ ಪಟ್ಟಿ ಬಿಟ್ಟ ಬಿಳಿ ಗೆರೆ, ಬಂತಾ ಎಂದು ಪಾದಗಳು ಕೇಳುತ್ತಿದ್ದವು, ಇನ್ನೂ ಇಲ್ಲ ಎನ್ನುತ್ತಿದ್ದಳು, ಚಿತ್ರ ಬಂದು ಆಗಲೇ ಹಾಡು ಶುರುವಾಗಿದ್ದರೂ ಇನ್ನೂ ಇಲ್ಲ, ಸ್ವಲ್ಪ ಎಡಕ್ಕೆ, ಅಲ್ಲ ಬಲಕ್ಕೆ — ಬಂತು ಎಂದ ಕೂಡಲೇ ಪಾದಗಳು ಮೇಲಕ್ಕೆ ಸೇದಿಕೊಂಡು ಮಾಯವಾಗುತ್ತವೆ, ಅದಕ್ಕೇ. ನಂಗೆ ಕೇಳಿಸ್ತದೆ ಕಣೇ ಹಾಡು, ಎಂದು ಅವನು ಮೇಲಿನಿಂದ ನಗುತ್ತಿದ್ದ, ಆದರೂ ಕೂತೇ ಇರುತ್ತಿದ್ದ.

ಬಂತು. ಆ ಮಾತನ್ನು ಕೂಗಿ ಎಷ್ಟು ಕಾಲವಾಯಿತು, ಆ ಮಾತೇಕೆ, ಯಾವ ಮಾತನ್ನಾದರೂ, ಜ್ವರದಲ್ಲಿ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರಿಗೈಯಲ್ಲಿ ಬಂದ ಮೇಲೆ ಅವಳ ದನಿ ತುಟಿಯಿಂದ ಆಚೆ ದಾಟಿಲ್ಲ, ಹೂಂ, ಊಹೂಂ, ಸಾಕು, ಆಯ್ತು, ಅಷ್ಟರಲ್ಲೇ ಮನೆ ನಡೆಯುತ್ತದೆ, ಎಂ.ಎ. ಓದುವಾಗ ತರಗತಿಯಲ್ಲಿ ಎದ್ದು ನಿಂತು ವಾದಿಸುತ್ತಿದ್ದವಳು ಇವಳೇ ಎಂದರೆ ಚಾಮರಾಜನಗರದ ಗೆಳತಿಯರು ನಂಬಲಿಕ್ಕಿಲ್ಲ, ಅಳುವೂ ಬರಲಿಲ್ಲ, ಯಾರೋ ಶಬ್ದ ಕಡಿಮೆ ಮಾಡಿಟ್ಟು ರಿಮೋಟ್ ಎಲ್ಲೋ ಬಿಟ್ಟುಹೋದ ಹಾಗೆ. ಮೊದಲು ಹಾಗಿರಲಿಲ್ಲ, ಈ ಹಾಡಿನ ಸ್ಪರ್ಧೆಗೆ ಕೂತರೆ ಗಂಡ ಹೆಂಡತಿ ಜಗಳ ಬೀದಿಗೆ ಕೇಳುತ್ತಿತ್ತು, ಮೊದಲನೇ ಸೀಸನ್ನೇ ಸೀಸನ್ನು ಎಂಬುದು ಅವಳ ವಾದ, ಆಗ ಬಂದವರು ನಿಂತರು, ಹಾಡಿದರು, ಹೋದರು, ತೀರ್ಪುಗಾರರು ಅಳುತ್ತಿರಲಿಲ್ಲ, ಎರಡನೆಯದರಲ್ಲಿ ಹಾಡಿಗಿಂತ ಮೊದಲು ಬಡತನ ತೋರಿಸಿ ಪಿಟೀಲು ಬಾರಿಸಲು ಶುರು ಮಾಡಿದರು, ಮೂರನೆಯದರಲ್ಲಿ ಸೋತವರನ್ನು ಹಿಂಬಾಗಿಲಿನಿಂದ ಕರೆತಂದರು, ನಾಲ್ಕನೆಯದನ್ನು ಅವಳು ಲೆಕ್ಕಕ್ಕೇ ಇಡುವುದಿಲ್ಲ — ತೀರ್ಪುಗಾರ ಹಾಡುಗಾರನಿಗಿಂತ ಹೆಚ್ಚು ಹೊತ್ತು ಮೈಕು ಹಿಡಿದ ದಿನ ಸೀಸನ್ ಕೆಟ್ಟಿತು ಅಂತಲೇ. ಅಂಗಲ್ಲ ಕಣೇ, ಎಂದು ಮಾದೇಶ, ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟರೂ ಮಾತೆಲ್ಲ ಹೊಲದ್ದೇ, ಒಂದೇ ಹೊಲಕ್ಕೆ ವರ್ಷ ವರ್ಷಾನೂ ಚೆಂಡುಹೂವನ್ನೇ ಹಾಕುದ್ರೆ ಏನಾಯ್ತದೆ, ಹೂ ಸಣ್ಣಗಾಯ್ತದೆ, ಒಂದ್ ವರ್ಷ ಸುಮ್ನೆ ಬುಡಬೇಕು, ನೆಲ ಉಸ್ರಾಡ್ಲಿ, ಐದನೇ ಸೀಸನ್ ಯಾಕ್ ಚೆನ್ನಾಗಾಯ್ತು, ಮಧ್ಯ ಒಂದ್ ವರ್ಷ ನಿಲ್ಸಿದ್ರು ಅದ್ಕೆ. ಅವನು ಹೇಳಿದ್ದು ಸರಿ ಎಂದು ಅವಳಿಗೆ ಆಗಲೇ ಗೊತ್ತಿತ್ತು, ಒಪ್ಪಲಿಲ್ಲ, ಒಪ್ಪಿದರೆ ಜಗಳ ಮುಗಿಯುತ್ತದೆ. ಇನ್ನು ಸಿನಿಮಾ ಪ್ರಶಸ್ತಿಗಳ ರಾತ್ರಿ ಬಂದರಂತೂ, ಮೊದಲ ಸಾಲಿನಲ್ಲಿ ಕೂತವರಿಗೇ ಕೊಡುತ್ತಾರೆ, ಬಾರದವರಿಗೆ ಕೊಡುವುದಿಲ್ಲ, ಇದರಲ್ಲಿ ಇಬ್ಬರಿಗೂ ಒಂದೇ ಮತ, ಆದರೆ ಅವನು ಕಾಯುತ್ತಿದ್ದುದು ನಾಯಕರಿಗಲ್ಲ, ಸಿನಿಮಾಕ್ಕೆ ಶಬ್ದ ಜೋಡಿಸಿದವರಿಗೆ, ಬಟ್ಟೆ ಹೊಲಿಸಿದವರಿಗೆ, ಜಾಹೀರಾತಿನ ನಡುವೆ ಸರಸರ ತೋರಿಸಿ ಮುಗಿಸುತ್ತಾರಲ್ಲ ಅವರಿಗೆ, ಬಾಯಿ ತೆರೆಯುವಷ್ಟರಲ್ಲಿ ವಾದ್ಯ ಬಾರಿಸಿ ಇಳಿಸುತ್ತಾರಲ್ಲ ಅವರಿಗೆ, ಅವನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ, ಆಮೇಲೆ, ಕೃತಜ್ಞತೆ ಹೇಳಿ ಮೆಟ್ಟಿಲಿಳಿದವರು ಯಾರಾದರೂ ಹಣೆ ಚಚ್ಚಿಕೊಂಡು ಮೈಕಿಗೆ ವಾಪಸ್ ಓಡಿದರೆ — ಒಬ್ಬರ ಹೆಸರು ಮರೆತೆ, ಒಬ್ಬರ ಹೆಸರು — ನೋಡು, ಅದೇ ನಿಜವಾದ ಥ್ಯಾಂಕ್ಸು ಕಣೇ, ಮೊದ್ಲು ಹೇಳಿದ್ದೆಲ್ಲ ಬಾಯಿಪಾಠ, ಎನ್ನುತ್ತಿದ್ದ.

ಏಳನೇ ಸೀಸನ್ ಶುರುವಾದಾಗ ರಸ್ತೆಯ ಎರಡೂ ಬದಿ ಚೆಂಡುಹೂವು ಹಳದಿಗೆ ತಿರುಗಿತ್ತು, ಮೊದಲ ವಾರವೇ ಅವನು ಮೂಗುತಿ ಹುಡುಗಿಯ ಕಡೆ, ಇವಳು ಕನ್ನಡಕದ ಹುಡುಗನ ಕಡೆ, ಆ ಮೇಲೆ ಜ್ವರ, ಆಸ್ಪತ್ರೆಯ ಮಂಚದಲ್ಲಿ ಒಣಗಿದ ತುಟಿಯಲ್ಲಿ ಅವನು ನಕ್ಕು ತಾಯಿಗೆ ಹೇಳಿದ್ದು, ಅವ್ವಾ, ನೀನೇ ನೋಡ್ಕಬೇಕು, ಇವ್ಳು ನನ್ನ ಹುಡುಗಿಗೆ ವೋಟ್ ಹಾಕಾಕಿಲ್ಲ. ಆಯ್ತು ಮಲ್ಕ ಮೊಗ, ಎಂದಿದ್ದರು ಅತ್ತೆ. ಅಷ್ಟೇ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ನಯನಾ ಇಟ್ಟುಕೊಂಡಿರಲಿಲ್ಲ, ಒಳಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು, ಶನಿವಾರ ಭಾನುವಾರ ಸಂಜೆ ನಡುಮನೆಯಲ್ಲಿ ಏನೋ ಸಣ್ಣ ದನಿ, ಅತ್ತೆ ದೇವರ ಹಾಡು ಹಾಕಿಕೊಂಡಿದ್ದಾರೆ ಅಂದುಕೊಂಡಿದ್ದಳು, ಒಂದು ದಿನ ಮುದ್ದೆ ಬಡಿಸುತ್ತ ಮುಖ ನೋಡದೆ ಅತ್ತೆ ಎಂದರು, ಅವನ ಹುಡುಗಿ ಉಳ್ಕಂಡ್ಲು ಕಣಮ್ಮಿ. ಇನ್ನೊಂದು ವಾರ, ಇವತ್ತು ಕಟ್ಟೋಗಿತ್ತು ಗಂಟಲು, ಆದ್ರೂ ಉಳ್ಕಂಡ್ಲು. ಮತ್ತೊಂದು ವಾರ, ನಿನ್ನ ಕನ್ನಡಕದವನೂ ಪರ್ವಾಗಿಲ್ಲ ಬುಡು. ಹುಟ್ಟಿದಾಗಿನಿಂದ ಟೀವಿಯನ್ನು ಕಣ್ಣೆತ್ತಿ ನೋಡದ ಹೆಂಗಸು, ಯಾವ ಗುಂಡಿ ಒತ್ತಬೇಕೆಂದು ಮಾವ ಚಿಕ್ಕಮಲ್ಲಪ್ಪನವರ ಹತ್ತಿರ ಬೈಸಿಕೊಂಡು ಕಲಿತು, ಮಗನ ಮಾತಿಗೆ ಕಾವಲು ಕೂತಿದ್ದಾರೆ, ಪಕ್ಕದ ಮನೆ ರಾಚಮ್ಮ, ಏನಕ್ಕಾ, ಮಗನ್ನ ಕಳ್ಕಂಡ ಮನೇಲಿ ಟೀವಿ ಸದ್ದು ಕೇಳ್ತದಲ್ಲ, ಎಂದಾಗ, ಮಗ ದುಡ್ಡು ಕಟ್ಟೋದ ವರ್ಷದ ಪ್ಯಾಕು ಕಣಮ್ಮ, ಅವನು ಹಾಕಿಟ್ಟಿದ್ದು ಓಡ್ತಾ ಅದೆ, ನಿಲ್ಸಕ್ಕೆ ನಾನ್ಯಾರು, ಎಂದದ್ದು ಒಳಕೋಣೆಗೆ ಕೇಳಿಸಿತ್ತು, ಆಗ ನಯನಾಳ ಕಿವಿಯ ಹಿಂದೆ ಎಲ್ಲೋ ಏನೋ ಬೆಚ್ಚಗಾಗಿತ್ತು, ಇದಕ್ಕೇನು ಹೆಸರು ಎಂದು ತಿಳಿಯಲಿಲ್ಲ. ಬಂದು ಕೂತ್ಕ ಅಂತ ಅತ್ತೆ ಒಂದು ದಿನವೂ ಕರೆಯಲಿಲ್ಲ, ಯಾಕೆ ಕೂರುವುದಿಲ್ಲ ಅಂತಲೂ ಕೇಳಲಿಲ್ಲ. ಈ ಹೊತ್ತು ತಾನೇ ಅವರೆಕಾಯಿಯ ನೆಪ ಹಿಡಿದು ಬಂದು ಕೂತಳು, ಅತ್ತೆ ಸ್ವಲ್ಪ ಸರಿದು ಜಾಗ ಬಿಟ್ಟರು, ಕೊನೆಗೆ ಉಳಿದವರು ಇಬ್ಬರೇ, ಮೂಗುತಿ, ಕನ್ನಡಕ, ಕೈ ಕೈ ಹಿಡಿದು ನಿಂತಿದ್ದರು, ನಿರೂಪಕ ಲಕೋಟೆಗೆ ಕೈ ಹಾಕಿದ, ನೀಲಿ.

ಅತ್ತೆ ಎಲ್ಲಿ. ಪಕ್ಕ ಖಾಲಿ. ಮಾವ ಬೇಗೂರಿಗೆ ಹೋದವರು ಬಸ್ಸಿಳಿದು ಬರುವುದು ಇನ್ನೂ ತಡ, ಹೊರಗಿನ ಮೆಟ್ಟಿಲಲ್ಲಿ ಉಸ್ಸಪ್ಪಾ ಎಂಬ ಸದ್ದು, ಒಂದು ಮೆಟ್ಟಿಲು, ನಿಲ್ಲುವುದು, ಇನ್ನೊಂದು, ಆ ಮಂಡಿಯಲ್ಲಿ ಹತ್ತುತ್ತಿದ್ದಾರಾ, ಬೇಡ ಎನ್ನಬೇಕು, ಬಾಯಿ ತೆರೆಯುತ್ತದೆ, ದನಿಯಿಲ್ಲ, ತಲೆಯ ಮೇಲೆ ಹೆಜ್ಜೆ, ಓಗ್ರಲಾ, ನಿಮ್ಮ ಮನೆ ಹಾಳಾಗ, ಕೋತಿಗಳು ದಡಬಡ, ಕಿರ್ರ್ ಎಂದು ಡಿಶ್ ತಿರುಗುತ್ತದೆ, ಆಮೇಲೆ ಕಿಟಕಿಯ ಮೇಲ್ತುದಿಯಲ್ಲಿ ಸೀರೆಯ ಅಂಚು, ಎರಡು ಪಾದ. ಬಿರಿದ ಹಿಮ್ಮಡಿ, ಕಾಲುಂಗುರ, ಮತ್ತೆ ಹೆಬ್ಬೆರಳಿಗಿಂತ ಉದ್ದವಾದ ಪಕ್ಕದ ಬೆರಳು — ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನೋಡಿಯೇ ಇರಲಿಲ್ಲ, ನೆಲದ ಮೇಲೆ ಓಡಾಡುವ ಪಾದವನ್ನು ಯಾರು ನೋಡುತ್ತಾರೆ, ಅವನದೇ ಬೆರಳು, ಅಲ್ಲ, ಅವನಿಗೆ ಕೊಟ್ಟದ್ದೇ ಇವರು. ಬಂತೇನಮ್ಮಿ? ನೀಲಿ ಒಡೆದು ಚೂರುಚೂರು, ಒಂದು ಮೂಗುತಿ ಮಿಂಚಿ ಹೋಯಿತು, ಮತ್ತೆ ಬಂತು, ನಿಂತಿತು, ಇಬ್ಬರೂ ಹಾಗೇ ಕೈ ಹಿಡಿದಿದ್ದಾರೆ, ಲಕೋಟೆ ಇನ್ನೂ ಬಿಚ್ಚಿಲ್ಲ, ಬಂತಾ ಅಂದೆ, ಮೇಲಿನಿಂದ. ಇನ್ನೂ ಇಲ್ಲ ಎಂದರೆ ಪಾದ ಉಳಿಯುತ್ತದೆ, ಬಂತು ಎಂದರೆ ಮಾಯ, ಗಂಟಲಿನಲ್ಲಿ ಎರಡೂ ಮಾತು ಒಟ್ಟಿಗೆ ಕೂತಿವೆ, ಆ ಮಂಡಿ ಎಷ್ಟು ನೋಯುತ್ತಿದೆಯೋ, ಯಾರಿಗೋಸ್ಕರ ಹತ್ತಿದ್ದು, ಅವನಿಗೋಸ್ಕರವೇ, ಅಲ್ಲ, ಇಷ್ಟು ವಾರ ಮುದ್ದೆಯ ಜೊತೆ ಒಂದೊಂದು ಮಾತು ಬಡಿಸಿದ್ದು ಸತ್ತವನಿಗಲ್ಲ, ಪ್ರಶಸ್ತಿ ಹಿಡಿದು ಮೆಟ್ಟಿಲಿಳಿದು ಹೋದವಳು ಹಣೆ ಚಚ್ಚಿಕೊಂಡು ವಾಪಸ್ ಓಡುತ್ತಾಳೆ, ಒಬ್ಬರ ಹೆಸರು ಮರೆತೆ, ಒಬ್ಬರ ಹೆಸರು —

ಬಂತು. ಕೇಳ್ನಿಲ್ಲ ಕಣಮ್ಮಿ, ಗಟ್ಟಿಯಾಗೇಳು. ಬಂತು ಅವ್ವಾ, ಬಂತು, ಇಳೀರಿ, ನಿಧಾನ, ಅವನ ಹುಡುಗಿ ನಿಂತವ್ಳೆ, ಬೇಗ ಬನ್ನಿ — ಕೂಗಿದ್ದು ತನ್ನದೇ ದನಿ, ಬೀದಿಯವರೆಗೆ ಹೋಯಿತು, ರಾಚಮ್ಮನಿಗೂ ಕೇಳಿರಬೇಕು, ಕೇಳಲಿ, ಮಡಿಲಿನ ಅವರೆಕಾಯಿ ನೆಲಕ್ಕೆ ಚೆಲ್ಲಿದೆ, ಕೆನ್ನೆ ಒದ್ದೆಯಾಗಿದೆ, ನಿರೂಪಕ ಜಾಹೀರಾತಿಗೆ ಹೋದ, ಮೇಲಿನಿಂದ ಅತ್ತೆ, ತಡಿಯಮ್ಮಿ, ಇಲ್ಲಿಂದ ಬೆಟ್ಟ ಎಷ್ಟು ಚೆನ್ನಾಗಿ ಕಾಣ್ತದೆ, ನನ್ ಮಗ ಯಾಕ್ ಬಿರ್ನೆ ಇಳೀತಿರ್ನಿಲ್ಲ ಅಂತ ಈಗ ಗೊತ್ತಾಯ್ತು. ಬೆಟ್ಟವಲ್ಲ ಅವ್ವಾ, ಎನ್ನಬೇಕು, ಎನ್ನುವುದಿಲ್ಲ, ಬೆಟ್ಟವೂ ಇರಬಹುದು, ಅವಳು ಕಿಟಕಿ ನೋಡುತ್ತಾಳೆ, ಬಂತು ಎಂದರೂ ಹೋಗದೆ ಸಂಜೆಯ ಬಿಸಿಲಿನಲ್ಲಿ ಮೆಲ್ಲಗೆ ತೂಗುತ್ತಿವೆ, ಎರಡು ಪಾದ, ಹೆಬ್ಬೆರಳಿಗಿಂತ ಉದ್ದವಾದ ಪಕ್ಕದ ಬೆರಳು, ಎರಡು ಪಾದ