ಗೇಟಿನಾಚೆಯ ಸಾವು

ಒಳಮನೆಯ ಅಳು ಫೋನಿನಲ್ಲಿ ಕೇಳಿಸದಿರಲೆಂದು ಮಗಳು ಹಿತ್ತಲಿನ ನೀರಿನ ತೊಟ್ಟಿಯತ್ತ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದಳು.

"ಸರ್, ಇನ್ನೊಂದ್ಸಲ ನೋಡಿ. ನಮ್ಮಪ್ಪ ಸಾಮಿಲ್ಲಲ್ಲಿ ಮರ ಕೊಯ್ತಿದ್ರು. ಪರಿಹಾರದ ಅರ್ಜಿ ಹಾಕಿದೀವಿ ಅಂತ ಮೇಸ್ತ್ರಿ ಹೇಳಿದಾರೆ."

ಕಾರ್ಮಿಕ ಕಚೇರಿಯ ಗುಮಾಸ್ತರು ಮತ್ತೆ ಹುಡುಕಿದರು. "ಯಾವ ಅರ್ಜೀನೂ ಬಂದಿಲ್ಲಮ್ಮ. ರಸ್ತೇಲಿ ಬಿದ್ದು ಸತ್ತ ಅಂತ ಮಿಲ್ಲಿನೋರು ತಿಳಿಸಿದಾರೆ. ಒಳಗೇ ಬಿದ್ದಿದ್ದನ್ನ ಕಂಡೋರು ಯಾರಾದ್ರೂ ಇದ್ರೆ ನನ್ನ ಹತ್ರ ಮಾತಾಡಿಸು."

ನಡುಮನೆಯಲ್ಲಿ ಅವಳಪ್ಪ ರೇಡಿಯೋ ಮಲಗಿದ್ದ. ಬಾಯಿ ಮುಚ್ಚದವನಿಗೆ ಮಿಲ್ಲಿನವರು ಇಟ್ಟ ಹೆಸರು ಅದು. ಗರಗಸ ಅರಚುವಾಗಲೂ ಅವನ ದನಿ ಮೇಲೇಳುತ್ತಿತ್ತು. ಅಂಥ ಗಂಟಲು ಕೊಟ್ಟು ಕಳಿಸಿದ್ದ ದೇವರು.

"ಇಷ್ಟೊತ್ತು ಸುಮ್ನಿದ್ದಿದ್ದು ಇದೇ ಮೊದಲು ಇವನು," ಎಂದ ಜೊತೆಗಾರನೊಬ್ಬ. ಹೆಂಡತಿ ನಕ್ಕಳು. ನಗು ಅರ್ಧ ದಾರಿಯಲ್ಲೇ ಅಳುವಾಯಿತು.

ಮಗಳು ಫೋನು ಕಡಿಯದೇ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಮ್ಮ, ಅರ್ಜಿನೇ ಹಾಕಿಲ್ವಂತೆ. ಅಪ್ಪ ರಸ್ತೇಲಿ ಬಿದ್ರಂತೆ."

"ಹೆಣ ಮುಂದಿಟ್ಕೊಂಡು ಆ ಮಾತ್ಯಾಕಮ್ಮ?" ಎಂದ ಮೇಸ್ತ್ರಿ. "ನಾಳೆ ನೋಡೋಣ."

"ನಾಳೆ ನೀವೆಲ್ಲಿ ಸಿಗ್ತೀರಿ?" ಎಂದಳು ಹೆಂಡತಿ. "ಕುಡಿದು ಬಿದ್ದ ಅಂತ ಈಗಲೇ ಬೀದಿ ಮಾತಾಡ್ತಿದೆ. ಒಂದು ತೊಟ್ಟೂ ಮುಟ್ಟಿದೋರಲ್ಲ ಅವರು. ನಾಳೆ ಅನ್ನಾನೂ ಇಲ್ಲ, ಒಳ್ಳೆ ಹೆಸರೂ ಇಲ್ಲ ಅನ್ನೋ ಹಾಗೆ ಮಾಡಿದ್ರಲ್ಲ ನಮ್ಮನ್ನ."

ಗರಗಸದ ಹಲ್ಲು ಹರಿತ ಮಾಡುವ ಸಾಣೆಯವನು ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

*

ಮಿಲ್ಲಿನಲ್ಲೊಂದು ರೂಢಿಯಿತ್ತು. ಯಾರಿಗೆ ಪೆಟ್ಟಾದರೂ ಮೊದಲು ಗೇಟಿನಾಚೆ ಹೊತ್ತೊಯ್ಯಬೇಕು. ಗಾಡಿ ಕರೆಯುವುದು ಆಮೇಲೆ. ಒಳಗೆ ರಕ್ತ ಬಿದ್ದರೆ ಮಿಲ್ಲಿಗೆ ಬೀಗ, ಮಿಲ್ಲಿಗೆ ಬೀಗವಾದರೆ ಎಲ್ಲರ ಹೊಟ್ಟೆಗೂ ಬೀಗ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವನು ರೇಡಿಯೋನೇ. "ಸಾಯೋದಾದ್ರೆ ಗೇಟು ದಾಟಿ ಸಾಯ್ರೋ," ಎಂದು ನಗಿಸುತ್ತಿದ್ದ. "ಒಳಗೆ ಸತ್ರೆ ಮೇಸ್ತ್ರಿ ರಜಾ ಕೊಡಲ್ಲ."

ನಿನ್ನೆ ರಾಶಿಯಿಂದ ಜಾರಿದ ದಿಮ್ಮಿ ಅವನ ಎದೆಗೇ ಬಂತು. ಸಾಣೆಯವನು ಓಡಿ ಬಂದಾಗ ಆ ದೊಡ್ಡ ಗಂಟಲಿನಲ್ಲಿ ಗಾಳಿಯಷ್ಟೇ ಇತ್ತು. ರೇಡಿಯೋ ಕೈಯೆತ್ತಿ ಗೇಟಿನ ಕಡೆ ತೋರಿಸಿದ.

"ಬೇಡ ಕಣೋ, ಅಲುಗಾಡ್ಬೇಡ," ಎಂದ ಸಾಣೆಯವನು.

"ಆಚೆ... ಹುಡುಗರ ಕೆಲಸ... ಹೋಗುತ್ತೆ..."

ಎತ್ತಿಕೊಂಡು ಓಡಿದರು. ಮುರಿದ ಎದೆಗೂಡು ಒಂದೊಂದು ಹೆಜ್ಜೆಗೂ ಕುಲುಕಿತು. ರಸ್ತೆಯ ಮಣ್ಣಿಗೆ ಬೆನ್ನು ತಾಗಿದಾಗ, ಕೆಲಸ ಮುಗಿಸಿದವನಂತೆ ರೇಡಿಯೋ ಕಣ್ಣು ಮುಚ್ಚಿದ.

*

"ಇಲ್ಲಿ ಕೊಡವ್ವ," ಎಂದು ಸಾಣೆಯವನು ಮಗಳಿಂದ ಫೋನು ತೆಗೆದುಕೊಂಡ.

"ಸ್ವಾಮಿ, ಒಳಗೇ ಬಿದ್ದಿದ್ದು. ದಿಮ್ಮಿ ರಾಶಿ ಪಕ್ಕ. ಕಂಡೋನು ನಾನು. ಹೊರಗೆ ಹೊತ್ತಾಕಿದೋನೂ ನಾನೇ. ಎಲ್ಲಿಗೆ ಬಂದು ಹೇಳು ಅಂದ್ರೂ ಹೇಳ್ತೀನಿ."

"ಅನ್ನ ಬೇಡವಾಯ್ತೇನೋ ನಿಂಗೆ?" ಎಂದ ಮೇಸ್ತ್ರಿ, ತಗ್ಗಿದ ದನಿಯಲ್ಲಿ.

"ನಾನಿನ್ನು ಗೇಟಿನಾಚೇನೇ ಇರ್ತೀನಿ ಬಿಡಿ ಮೇಸ್ತ್ರೀ."

ಹೊರಡುವ ಹೊತ್ತಾಯಿತು. ಹೊರುವವರು ಹೆಗಲು ಕೊಡಲು ಬಾಗಿದಾಗ ಸಾಣೆಯವನು ಹಿಂದೆ ಸರಿದು ನಿಂತ. ಹೆಂಡತಿ ಅವನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ನಿನ್ನೆ ಹೊತ್ತೋರು ನೀವೇ ಅಲ್ವಾ ಅಣ್ಣ," ಎಂದಳು. "ಇವತ್ತೂ ಬನ್ನಿ."

ಅವನು ತಲೆಯ ಕಡೆ ಹೆಗಲು ಕೊಟ್ಟ. ಬೀದಿಗಿಳಿದ ಮೇಲೆ, ಹಳ್ಳ ಬಂದಲ್ಲೆಲ್ಲ, ಕಲ್ಲು ತೊಡರಿದಲ್ಲೆಲ್ಲ, ಮುಂದಿನವರಿಗೆ ಅವನು ಹೇಳುತ್ತಲೇ ಇದ್ದ:

"ಮೆಲ್ಲಗೆ... ಮೆಲ್ಲಗೆ ಕಣ್ರೋ. ನೋಯುತ್ತೆ ಅವನಿಗೆ."