ಗೇಣುದ್ದದ ಕೇಬಲ್

ಯಮನಪ್ಪ ಫ್ರೇಮನ್ನು ಮೊದಲೇ ಕೊಂಡು ತಂದಿದ್ದ. ಸವದತ್ತಿ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿ ಆರಿಸಿದ, ಅಂಚಿಗೆ ಬಂಗಾರದ ಬಣ್ಣವಿದ್ದ ಫ್ರೇಮು. ಗಾಜು ಒಡೆದೀತೆಂದು ಟವೆಲಿನಲ್ಲಿ ಸುತ್ತಿಕೊಂಡು ಬಂದವನು ವಿರೂಪಾಕ್ಷನ ಫೋಟೊ ಸ್ಟುಡಿಯೋದ ಸ್ಟೂಲಿನ ಮೇಲೆ ಕುಳಿತು, ಅದನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಒಳಗೆ ಅಂಗಡಿಯವರೇ ಹಾಕಿದ ಗುಲಾಬಿ ಹೂವಿನ ಕಾಗದ ಇನ್ನೂ ಇತ್ತು.

"ಫೋಟೊ ಇದರಾಗ ಸರಿಯಾಗಿ ಕುಂದರಬೇಕು ನೋಡ ತಮ್ಮಾ," ಎಂದ. "ರವಿವಾರ ಅವ್ವನ ದಿನಕರ್ಮ ಐತಿ. ಬೀಗರು ಬರತಾರ, ದೇವಿ ಗುಡ್ಡದಿಂದ ನಮ್ಮ ತಂಗಿ ತಂಗೆವ್ವ ಬರತಾಳ. ಅಷ್ಟರಾಗ ಆದ್ರ ಸಾಕು."

ವಿರೂಪಾಕ್ಷ ಕಂಪ್ಯೂಟರಿನ ಕಡೆ ತಿರುಗಿ ಏನೋ ಹುಡುಕುವವನಂತೆ ಮೌಸ್ ಆಡಿಸಿದ. ಪರದೆಯ ಮೇಲಿದ್ದದ್ದು ಯಾರದೋ ಪಾಸ್‌ಪೋರ್ಟ್ ಅಳತೆಯ ಮುಖ. ಅದನ್ನೇ ದೊಡ್ಡದು ಮಾಡಿದ, ಸಣ್ಣದು ಮಾಡಿದ.

"ಆಧಾರ ಕಾರ್ಡಿನಾಗಿಂದು ದೊಡ್ಡದು ಮಾಡಿಸಿ ನೋಡಿದ್ವಿ," ಎಂದು ಯಮನಪ್ಪ ತಾನಾಗಿಯೇ ಮುಂದುವರಿಸಿದ. "ಯಾರನ್ನೋ ಹಿಡಕೊಂಡು ಬಂದು ನಿಲ್ಲಿಸಿದಂಗ ಕಾಣತೈತಿ. ಅಕಿ ನಮ್ಮವ್ವ ಅಲ್ಲ. ನಿನ್ನ ಹಂತ್ಯಾಕ ಐತೆಲ್ಲ, ಮದುವ್ಯಾಗ ನಕ್ಕೊಂತ ಕುಂತಿದ್ದು, ಅದ ಬೇಕು. ನಾ ಅವತ್ತ ಊಟದ ಪಂಗತಿ ಕಡೆ ಇದ್ದೆ, ಕಣ್ಣಿಲೆ ನೋಡಲಿಲ್ಲ. ಮರುದಿನ ಅಕಿನ ಹೇಳಿದ್ಲು."

"ರವಿವಾರ ನಾನ ತರತೇನ್ರಿ ಕಾಕಾ," ಎಂದ ವಿರೂಪಾಕ್ಷ. ಬಾಯಿ ತಾನೇ ಆಡಿಬಿಟ್ಟಿತು. ಯಮನಪ್ಪ ಫ್ರೇಮನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು, ಸಮಾಧಾನದಿಂದ ಚಚಡಿಯ ಬಸ್ಸು ಹಿಡಿಯಲು ಹೋದ.

ಆ ಫೋಟೊ ಇರಲಿಲ್ಲ. ಎಲ್ಲಿಯೂ ಇರಲಿಲ್ಲ.

ಯಮನಪ್ಪನ ಅವ್ವ ಶಟ್ಟೆವ್ವ ಫೋಟೊಕ್ಕೆ ಸಿಗುವ ಮುದುಕಿಯೇ ಅಲ್ಲ. ಯಾರಾದರೂ ಮೊಬೈಲು ಎತ್ತಿದರೆ ಸಾಕು, ಸೆರಗು ಮುಖದ ಮೇಲೆ ಬರುತ್ತಿತ್ತು, ಜೊತೆಗೆ ಎರಡು ಬೈಗುಳವೂ ಬರುತ್ತಿದ್ದವು. ಮೊಮ್ಮಕ್ಕಳು ಬಾಗಿಲ ಹಿಂದೆ ಅಡಗಿ ಪ್ರಯತ್ನಿಸಿ ಸೋತಿದ್ದರು. ಅಂಥವಳು ಮೊಮ್ಮಗಳ ಮದುವೆಯ ದಿನ, ಅಕ್ಕಿಕಾಳು ಬಿದ್ದು, ಜನ ಊಟಕ್ಕೆ ಎದ್ದು ಹೋದ ಮೇಲೆ, ತಾನಾಗಿಯೇ ವೇದಿಕೆ ಹತ್ತಿದಳು. ಮದುಮಗಳ ಖಾಲಿ ಕುರ್ಚಿಯಲ್ಲಿ ಕುಳಿತಳು. "ನಂದೂ ಒಂದು ಹೊಡಿ ತಮ್ಮಾ, ಈಗ ಯಾರೂ ಇಲ್ಲ," ಅಂದಳು. ವಿರೂಪಾಕ್ಷ ಆರೇಳು ಸಲ ಹೊಡೆದ. ಹದಿನೆಂಟು ವರ್ಷ ಈ ಕಸುಬು ಮಾಡಿದವನಿಗೆ ಯಾವ ಫೋಟೊ ಚೆನ್ನಾಗಿ ಬಂತು ಎನ್ನುವುದು ಬೆರಳಿಗೇ ತಿಳಿಯುತ್ತದೆ. ಅದು ಚೆನ್ನಾಗಿ ಬಂದಿತ್ತು.

ಅದಾದ ಒಂಬತ್ತನೆಯ ದಿನ ಶಟ್ಟೆವ್ವ ಹೊಲದಿಂದ ಬಂದು, ಒಂದು ತಂಬಿಗೆ ನೀರು ಕುಡಿದು ಪಡಸಾಲೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ.

ಮದುವೆಯ ಆ ದಿನ ಒಳ್ಳೆಯ ಮುಹೂರ್ತದ ದಿನ. ಅಂಥ ದಿನ ಫೋಟೊದವರು ಒಂದೇ ಮದುವೆಗೆ ತೃಪ್ತರಾಗುವುದಿಲ್ಲ. ಬೆಳಿಗ್ಗೆ ಚಚಡಿಯ ಮದುವೆ, ಮಧ್ಯಾಹ್ನ ಕಿತ್ತೂರಿನ ಮದುವೆ, ಎರಡನ್ನೂ ವಿರೂಪಾಕ್ಷ ಒಪ್ಪಿಕೊಂಡಿದ್ದ. ಕ್ಯಾಮರಾದ ಒಂದು ಮೆಮೊರಿ ಕಾರ್ಡು ಹಿಂದಿನ ದಿನದ ಅರಿಶಿನದ ಕಾರ್ಯಕ್ಕೇ ತುಂಬಿತ್ತು. ಇದ್ದ ಇನ್ನೊಂದು ಕಾರ್ಡನ್ನು ದಾರಿಯಲ್ಲೇ ಖಾಲಿ ಮಾಡುವುದು ಅವನ ರೂಢಿ. ಚಿಕ್ಕಪ್ಪನ ಮಗ ಅರ್ಜುನ ಕಾರು ಓಡಿಸುತ್ತಿದ್ದರೆ ಇವನು ಪಕ್ಕದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಕಾರ್ಡನ್ನು ಅದರೊಳಗೆ ತುರುಕಿ, ಫೋಟೊಗಳನ್ನೆಲ್ಲ ಬೆಂಕಿಪೊಟ್ಟಣದಷ್ಟು ದೊಡ್ಡ ಡಿಸ್ಕಿಗೆ ಇಳಿಸುತ್ತಿದ್ದ. ಮುಂದಿನ ಊರು ಬರುವಷ್ಟರಲ್ಲಿ ಕೆಲಸ ಮುಗಿದು, ಕಾರ್ಡು ಅಳಿಸಿ ಹೊಸ ಮದುವೆಗೆ ಸಿದ್ಧವಾಗುತ್ತಿತ್ತು.

ಆ ದಿನ ಮಾತ್ರ ಮುಗಿಯಲಿಲ್ಲ. ಬೈಲಹೊಂಗಲ ದಾಟಿದರೂ ಎಷ್ಟು ಫೋಟೊ ಇಳಿದವೆಂದು ತೋರಿಸುವ ಪರದೆಯ ಮೇಲಿನ ಹಸಿರು ಗೆರೆ ಅರ್ಧ ದಾಟಿರಲಿಲ್ಲ. ಡಿಸ್ಕಿಗೆ ಚುಚ್ಚಿದ್ದದ್ದು ಹೊಸ ಕೇಬಲ್, ವಾರದ ಹಿಂದಷ್ಟೇ ನಿಜಗುಣಪ್ಪನ ಮೊಬೈಲ್ ಅಂಗಡಿಯಲ್ಲಿ ಕೊಂಡದ್ದು. ಬೆರಳು ದಪ್ಪ, ಮೇಲೆ ದಾರದ ಹೆಣಿಕೆ, ಎರಡು ಮೊಳ ಉದ್ದ. ಅರ್ಧ ಗಂಟೆಯಲ್ಲಿ ಮೊಬೈಲು ತುಂಬಿಸುವುದನ್ನು ನೋಡಿ ವಿರೂಪಾಕ್ಷನಿಗೆ ಅದರ ಮೇಲೆ ಮನಸ್ಸು ಕುಳಿತುಬಿಟ್ಟಿತ್ತು. ಕರೆಂಟನ್ನು ಇಷ್ಟು ಜೋರಾಗಿ ಎಳೆಯುವುದು ಫೋಟೊಗಳನ್ನೂ ಹಾಗೆಯೇ ಎಳೆಯುತ್ತದೆ ಎಂದುಕೊಂಡ. ಡಿಸ್ಕಿನ ಜೊತೆ ಪೆಟ್ಟಿಗೆಯಲ್ಲಿ ಬಂದಿದ್ದ ಗೇಣುದ್ದದ ಮೋಟು ಕೇಬಲನ್ನು ಹೆಂಡತಿ ಮಾಲಾಳಿಗೆ ಕೊಟ್ಟು, ನಿನ್ನ ಮೊಬೈಲಿಗೆ ಇರಲಿ ಅಂದಿದ್ದ.

ಕಿತ್ತೂರಿನ ಕಲ್ಯಾಣಮಂಟಪದ ಮುಂದೆ ಕಾರು ನಿಂತಾಗ ಗೆರೆ ಮುಕ್ಕಾಲಿಗೆ ಬಂದಿತ್ತು. ಮದುಮಗನ ಮಾವ ಗಾಜು ಬಡಿಯುತ್ತಿದ್ದ. ವಿರೂಪಾಕ್ಷ ಡಿಸ್ಕಿನಲ್ಲಿ ಇಳಿದದ್ದನ್ನು ತೆರೆದು ಕಣ್ಣಾಡಿಸಿದ. ತಾಳಿ ಬಂದಿತ್ತು, ಅಕ್ಕಿಕಾಳು ಬಂದಿತ್ತು, ಬೀಗರ ಸಾಲು ಬಂದಿತ್ತು. ಉಳಿದದ್ದು ಊಟದ ಹೊತ್ತಿನವು. ಉಣ್ಣುವವರ ಫೋಟೊ ಯಾರು ನೋಡುತ್ತಾರೆ ಎಂದುಕೊಂಡು ಗೆರೆಯನ್ನು ಅಲ್ಲಿಗೇ ನಿಲ್ಲಿಸಿದ. ಆ ಗಳಿಗೆಯಲ್ಲಿ ಮುದುಕಿ ನೆನಪಿಗೆ ಬಂದಿದ್ದಳೋ ಇಲ್ಲವೋ ಎಂದು ಆಮೇಲೆ ಅವನು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಬಂದಿದ್ದಳು. ಒಂದು ಮುದುಕಿಯ ಫೋಟೊ ಹೋದರೆ ಆಲ್ಬಮ್ಮಿಗೆ ಏನೂ ಕಡಿಮೆಯಾಗದು ಎಂದುಕೊಂಡೇ ಕಾರ್ಡನ್ನು ಅಳಿಸಿ, ಅದರ ತುಂಬ ಕಿತ್ತೂರಿನ ಮದುವೆ ಹೊಡೆದ.

ಶಟ್ಟೆವ್ವ ತೀರಿದ ಸುದ್ದಿ ಬಂದ ದಿನವೇ ಅವನು ಕಾರ್ಡು ಹಿಡಿದುಕೊಂಡು ಹುಬ್ಬಳ್ಳಿಗೆ ಓಡಿದ್ದ. ಅಳಿಸಿದ್ದನ್ನು ತೆಗೆದುಕೊಡುವವರು ಎರಡು ದಿನ ಇಟ್ಟುಕೊಂಡು ಮರಳಿ ಕೊಟ್ಟದ್ದು ಕಿತ್ತೂರಿನ ಮದುಮಗನನ್ನು, ಅವನ ಮಾವನನ್ನು, ಅದೂ ಎರಡೆರಡು ಸಲ.

ಯಮನಪ್ಪ ಹೋದ ಮೇಲೆ ವಿರೂಪಾಕ್ಷ ಆ ದಪ್ಪ ಕೇಬಲನ್ನು ಕೈಗೆ ಸುತ್ತಿಕೊಂಡು ನಿಜಗುಣಪ್ಪನ ಅಂಗಡಿಗೆ ನಡೆದ. ಯಾರನ್ನಾದರೂ ಬೈಯಬೇಕಾಗಿತ್ತು.

"ಎಂಥಾದ್ದು ಕೊಟ್ಟೀಲೇ ಇದು," ಎಂದು ಗಾಜಿನ ಪೆಟ್ಟಿಗೆಯ ಮೇಲೆ ಬಿಸಾಕಿದ.

ನಿಜಗುಣಪ್ಪ ಅದನ್ನು ಎತ್ತಿ ನೋಡಿದ. "ಛಲೋನ ಐತೆಲ್ಲ. ಚಾರ್ಜ್ ಆಗವಲ್ದೇನು?"

"ಚಾರ್ಜ್ ಆಗತೈತಿ. ಫೋಟೊ ಇಳಿಯೂದಿಲ್ಲ."

"ಅವತ್ತ ನೀ ಏನ ಕೇಳಿದಿ? ಜಲ್ದಿ ಚಾರ್ಜ್ ಆಗೂದು ಕೊಡು ಅಂದಿ, ಕೊಟ್ಟೆ. ಡೇಟಾದ ಮಾತ ಎತ್ತಲಿಲ್ಲ ನೀ." ನಿಜಗುಣಪ್ಪ ಗೂಟದಿಂದ ನಾಲ್ಕು ಕೇಬಲು ಇಳಿಸಿ ಸಾಲಾಗಿ ಇಟ್ಟ. ನಾಲ್ಕರ ತುದಿಗಳೂ ಒಂದೇ ಥರ ಇದ್ದವು. "ಮಾರಿ ನೋಡಿ ಗುರುತ ಹತ್ತೂದಿಲ್ಲ ಇವು. ಇದರಾಗ ಕರೆಂಟಿನ ತಂತಿ ದಪ್ಪ ಐತಿ, ಡೇಟಾದ್ದು ಹಳೇದ, ನಿಧಾನ. ಇದರಾಗ ಎರಡೂ ಜೋರ. ಪೊಟ್ಟಣದ ಮ್ಯಾಲೆ ಬರದಿರತಾರ, ಯಾರು ಓದತಾರ? ನಿನ್ನ ಡಿಸ್ಕಿನ ಸಂಗಾಟ ಒಂದು ಸಣ್ಣದು ಬಂದಿರಬೇಕಲ್ಲ? ಅದ ಎಲ್ಲಕ್ಕಿಂತ ಜೋರ ಇರತೈತಿ. ಉದ್ದ ಕಮ್ಮಿ ಅಂತ ಒಗದಿಲ್ಲ ಹೌದಿಲ್ಲ?"

ವಿರೂಪಾಕ್ಷ ಮನೆಗೆ ಹೋದ. ಮೋಟು ಕೇಬಲು ಅಡಿಗೆಮನೆಯಲ್ಲಿ, ಮಿಕ್ಸರಿನ ಪ್ಲಗ್ಗಿನ ಪಕ್ಕ ಮೊಳೆಗೆ ತೂಗಾಡುತ್ತಿತ್ತು. ಒಗ್ಗರಣೆಯ ಎಣ್ಣೆ ಸಿಡಿದು ಜಿಡ್ಡಾಗಿತ್ತು. ಅದನ್ನು ಒರೆಸಿ, ಡಿಸ್ಕಿಗೆ ಚುಚ್ಚಿ, ಕಿತ್ತೂರಿನ ಇಡೀ ಮದುವೆಯನ್ನು ಕಾರ್ಡಿನಿಂದ ಇನ್ನೊಮ್ಮೆ ಇಳಿಸಿ ನೋಡಿದ. ಒಂಬತ್ತು ನಿಮಿಷ. ಚಚಡಿಯಿಂದ ಹೊರಟು ಮುಂದಿನ ಊರಿನ ಬಸ್‌ಸ್ಟ್ಯಾಂಡು ಕಾಣುವುದರೊಳಗೆ ಮುದುಕಿ ಡಿಸ್ಕಿನಲ್ಲಿ ಬಂದು ಕುಳಿತಿರುತ್ತಿದ್ದಳು.

"ಕೇಬಲ್ ಅದಲಿ ಬದಲಿ ಆತು," ಎಂದ ಮಾಲಾಳಿಗೆ. "ಇದು ಇದ್ದಿದ್ರ ಹಿಂಗ ಆಗತಿರಲಿಲ್ಲ."

ಮಾಲಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಕೇಬಲ್ ನಿಧಾನ ಇತ್ತು, ಖರೆ. ಅರ್ಧಕ್ಕ ನಿಲ್ಲಿಸಿದವರು ಯಾರ್ರಿ?"

ಉಳಿದ ಮೂರು ದಿನ ವಿರೂಪಾಕ್ಷ ಕಳ್ಳದಾರಿ ಹುಡುಕಿದ. ಈಗ ಮೊಬೈಲಿನಲ್ಲೇ ಎಂಥ ಮುಖವನ್ನಾದರೂ ನಗಿಸಬಹುದು. ಆಲ್ಬಮ್ಮಿಗೆ ಬೇಕೆಂದು ನೆಪ ಹೇಳಿ ಯಮನಪ್ಪನಿಂದ ಆಧಾರ್ ಫೋಟೊ ತರಿಸಿಕೊಂಡು, ಒಂದು ಆ್ಯಪಿಗೆ ಹಾಕಿದ. ಶಟ್ಟೆವ್ವ ನಕ್ಕಳು. ಮೂವತ್ತೆರಡು ಹಲ್ಲು ತೋರಿಸಿ, ಟೂತ್‌ಪೇಸ್ಟಿನ ಜಾಹೀರಾತಿನವಳಂತೆ ನಕ್ಕಳು. ಬದುಕಿದ್ದಾಗ ಅವಳಿಗೆ ಇದ್ದದ್ದು ಮುಂದಿನ ಎರಡೇ ಹಲ್ಲು. ಅವನು ಹಲ್ಲು ಅಳಿಸಿದ, ಸುಕ್ಕು ಸೇರಿಸಿದ. ತಿದ್ದಿದಷ್ಟೂ ಅದು ಯಾರದೋ ಮನೆಯ ಬೇರೊಬ್ಬ ಮುದುಕಿಯಾಗುತ್ತ ಹೋಯಿತು. ಯಮನಪ್ಪ ಇದನ್ನು ನೋಡಿ ಹೌದೌದು ಅವ್ವನೇ ಅಂದುಬಿಟ್ಟರೆ ಎನ್ನುವ ಹೆದರಿಕೆ, ಅಲ್ಲ ಅಂದಾನೆಂಬ ಹೆದರಿಕೆಗಿಂತ ಹೆಚ್ಚಾಯಿತು. ಅದನ್ನೂ ಅಳಿಸಿದ.

ಆಮೇಲೆ ಡಿಸ್ಕಿನಲ್ಲಿ ಉಳಿದ ಎಂಟುನೂರು ಫೋಟೊಗಳನ್ನು ಒಂದೊಂದಾಗಿ ನೋಡಿದ. ಒಂದರಲ್ಲಿ ಮಾತ್ರ ಅವಳಿದ್ದಳು. ಅಕ್ಕಿಕಾಳಿನ ಹೊತ್ತು, ಜನರ ನಡುವೆ, ಕ್ಯಾಮರಾಕ್ಕೆ ಬೆನ್ನು ಹಾಕಿ ವೇದಿಕೆಯತ್ತ ತಿರುಗಿ ನಿಂತವಳು. ತಲೆಯ ಮೇಲೆ ಸೆರಗು, ಇಳಕಲ್ ಸೀರೆ, ಬಾಗಿದ ಬೆನ್ನು. ಬಲಗೈ ಮಾತ್ರ ಮೇಲೆದ್ದಿತ್ತು, ಬೆರಳುಗಳ ಸಂದಿನಿಂದ ಅಕ್ಕಿ ಆಗಷ್ಟೇ ಹಾರಿತ್ತು.

ರವಿವಾರ ಚಚಡಿಯಲ್ಲಿ ಯಮನಪ್ಪನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಪಡಸಾಲೆಯಲ್ಲಿ ಮಣೆ, ಮಣೆಯ ಮೇಲೆ ಹೊಸ ಸೀರೆ, ಗೋಡೆಗೆ ಒರಗಿಸಿದ ಫ್ರೇಮು. ಗುಲಾಬಿ ಹೂವಿನ ಕಾಗದ ತೆಗೆದಿದ್ದರು. ಒಳಗಿನ ರಟ್ಟು ಕಾಣುತ್ತಿತ್ತು. ವಿರೂಪಾಕ್ಷ ಲಕೋಟೆ ಹಿಡಿದು ಒಳಗೆ ಬರುತ್ತಲೇ ಯಮನಪ್ಪ ಎದ್ದು ಬಂದು ಅದಕ್ಕೆ ಕೈ ಚಾಚಿದ.

"ಕಾಕಾ, ಮೊದಲ ಒಂದು ಮಾತ ಕೇಳ್ರಿ," ಎಂದ ವಿರೂಪಾಕ್ಷ. ಹೊರಗೆ ಕಟ್ಟೆಗೆ ಕರೆದುಕೊಂಡು ಹೋಗಿ ಹೇಳಬೇಕೆಂದಿದ್ದ, ಯಮನಪ್ಪನ ಕೈ ಆಗಲೇ ಲಕೋಟೆ ಹಿಡಿದಿತ್ತು. ಅಲ್ಲೇ ಎಲ್ಲರ ಎದುರಿಗೆ ಹೇಳಿದ. "ನಕ್ಕೊಂತ ಕುಂತಿದ್ದ ಫೋಟೊ ಇಲ್ರಿ. ಕಿತ್ತೂರಿನ ಮದುವಿಗೆ ಹೊತ್ತಾಗಿತ್ತು. ಕಾರ್ಡಿನಾಗಿಂದು ಪೂರಾ ಇಳಿದಿರಲಿಲ್ಲ, ಗೊತ್ತಿದ್ದೂ ನಾನ ಅಳಿಸಿದೆ. ಅಂಗಡ್ಯಾಗ ನಿಮಗ ಸುಳ್ಳ ಹೇಳಿದೆ."

ಯಮನಪ್ಪ ಲಕೋಟೆ ಬಿಚ್ಚಿದ. ಬೆನ್ನಿನ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನು ಬೈಯಲಿ ಎಂದು ವಿರೂಪಾಕ್ಷ ಕಾಯುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಕಿ ನಕ್ಕಿದ್ದು ನೀ ಕಣ್ಣಿಲೆ ನೋಡೀಯಲ್ಲ?" ಎಂದು ಕೊನೆಗೆ ಕೇಳಿದ.

"ನೋಡೇನ್ರಿ."

"ಹೆಂಗ ನಕ್ಕಳು, ಹೇಳು."

ಇಷ್ಟು ವರ್ಷ ಯಾರೂ ವಿರೂಪಾಕ್ಷನಿಗೆ ಫೋಟೊವನ್ನು ಮಾತಿನಲ್ಲಿ ಹೇಳು ಅಂದಿರಲಿಲ್ಲ. "ಮೊದಲ ಬಾಯಿಗೆ ಸೆರಗ ಹಿಡಕೊಂಡಿದ್ರು," ಎಂದ ತಡವರಿಸುತ್ತ. "ಆಮ್ಯಾಲ ತಾವ ತಗದ್ರು. ಎರಡ ಹಲ್ಲ ಕಂಡವು. ಕಣ್ಣ ಪೂರಾ ಮುಚ್ಚಿದ್ವು. ಕಣ್ಣ ತಗೀರಿ ಆಯಿ, ಅಂದೆ. ಅದಕ್ಕ ಇನ್ನಷ್ಟ ನಕ್ರು."

ಯಮನಪ್ಪ ತಲೆಯಾಡಿಸಿದ. ಫ್ರೇಮಿನ ಹಿಂದಿನ ಮೊಳೆ ಸರಿಸಿ, ಫೋಟೊವನ್ನು ತಾನೇ ಒಳಗಿಟ್ಟು ಗಾಜು ಒರೆಸಿದ. "ಇಕಿ ನಮ್ಮವ್ವ," ಎಂದು ಅಷ್ಟೇ ಹೇಳಿ ಮಣೆಯ ಮೇಲಿಟ್ಟು ಹೂವಿನ ಮಾಲೆ ಹಾಕಿದ.

ಅವನ ತಂಗಿ ತಂಗೆವ್ವ ಗುಡ್ಡದಿಂದ ತಂದ ದೇವಿಯ ಅರಿಶಿನ-ಭಂಡಾರದ ಬಟ್ಟಲು ಹಿಡಿದು ಮುಂದೆ ಬಂದಳು. ಮೂರು ಬೆರಳಿನಲ್ಲಿ ಭಂಡಾರ ತೆಗೆದುಕೊಂಡು ಅವ್ವನ ಹಣೆಗೆ ಹಚ್ಚಲು ಬಾಗಿದಳು. ಗಾಜಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಸೆರಗಿನ ಮೇಲೆ ಒಮ್ಮೆ, ಬೆನ್ನಿನ ಮೇಲೆ ಒಮ್ಮೆ, ಎತ್ತಿದ ಕೈಯ ಮೇಲೆ ಒಮ್ಮೆ ಬೆರಳು ಸುಳಿದಾಡಿತು. ಹಿಂದೆ ಸಾಲಾಗಿ ನಿಂತವರು ಕಾಯುತ್ತಿದ್ದರು. ತಂಗೆವ್ವ ಅಣ್ಣನ ಕಡೆ ನೋಡಿದಳು, ವಿರೂಪಾಕ್ಷನ ಕಡೆ ನೋಡಿದಳು. ಅವಳ ಬೆರಳಿನಿಂದ ಹಳದಿ ಪುಡಿ ಹೊಸ ಸೀರೆಯ ಮೇಲೆ ಸಣ್ಣಗೆ ಉದುರುತ್ತಿತ್ತು.