ಸುಳ್ಳು ಬೊಟ್ಟು

ಸಂಧಾನ ಸಭೆಯ ಕ್ರಮವನ್ನು ಹಿಂದಿನ ದಿನವೇ ಇಬ್ಬರಿಗೂ ತಿಳಿಸಲಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಒಂದೇ ಕೋಣೆಗೆ ಬರಬೇಕು. ಮೊದಲು ದೂರು ಕೊಟ್ಟವರು ಮಾತಾಡಬೇಕು. ಎದುರಿನವರು ಉತ್ತರ ಕೊಡುವ ಮುನ್ನ, ತಾವು ಕೇಳಿಸಿಕೊಂಡದ್ದನ್ನು ತಮ್ಮದೇ ಮಾತಿನಲ್ಲಿ ಹೇಳಬೇಕು. ದೂರು ಕೊಟ್ಟವರು ‘ಹೌದು, ನನ್ನ ನೋವು ಇದೇ’ ಎಂದು ಒಪ್ಪಿದ ಮೇಲಷ್ಟೇ ಉತ್ತರ. ಅನಂತರ ಸರದಿ ಬದಲಾಗುತ್ತದೆ. ಸಂಜೆಯೊಳಗೆ ರಾಜಿಯಾಗದಿದ್ದರೆ ಪ್ರಕರಣ ಶಿಸ್ತು ಸಮಿತಿಗೆ ಹೋಗುತ್ತದೆ.

ತೂಕ ಮತ್ತು ಅಳತೆ ಇಲಾಖೆಯ ತಕ್ಕಡಿ ವಿಭಾಗದ ಮುಖ್ಯಸ್ಥೆ ಈ ಸೂಚನೆಯನ್ನು ಓದಿ, ಎರಡನೆಯ ಹಂತಕ್ಕೆ ಐದು ನಿಮಿಷ ಧಾರಾಳವಾಯಿತು ಎಂದುಕೊಂಡಿದ್ದಳು. ಕೇಳಿದ್ದನ್ನು ತಿರುಗಿ ಹೇಳುವುದರಲ್ಲಿ ಕಷ್ಟವೇನಿದೆ? ಅವಳು ಭೌತಶಾಸ್ತ್ರ ಓದಿದವಳು. ಕಂಡದ್ದನ್ನು ಕಂಡಷ್ಟೇ ಹೇಳುವುದು ಅವಳ ಹೊಟ್ಟೆಪಾಡು.

ದೂರು ಕೊಟ್ಟವರು ಅಕ್ಕ. ನಿರ್ದೇಶಕರಿಗೂ ಅವರು ಅಕ್ಕ, ಬಾಗಿಲು ಕಾಯುವವನಿಗೂ ಅಕ್ಕ. ಅವರ ಸ್ವಂತ ತಮ್ಮ ಮಾತ್ರ ಹೆಸರು ಹಿಡಿದು ಕರೆಯುತ್ತಾನೆ ಎಂದು ಕಚೇರಿಯಲ್ಲಿ ತಮಾಷೆಯಿತ್ತು. ಅಂಗಡಿಯವರು ತಂದುಕೊಡುವ ತೂಕದ ಬೊಟ್ಟುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ತಳದ ಸೀಸದ ಮೇಲೆ ಮುದ್ರೆ ಒತ್ತುವುದು ಅವರ ಕೆಲಸ. ಪ್ರತಿಯೊಬ್ಬ ಪರೀಕ್ಷಕರಿಗೂ ಅವರದೇ ಗುರುತಿನ ಮುದ್ರೆ ಇರುತ್ತದೆ. ಆ ಮುದ್ರೆಯನ್ನು ಇಲಾಖೆ ಹಿಂದಕ್ಕೆ ಪಡೆದರೆ ಅವರು ಹೊರಗಿನ ಕೌಂಟರಿನಲ್ಲಿ ಚೀಟಿ ಹರಿದುಕೊಡುತ್ತಾ ಕೂರಬೇಕು. ಸಂಬಳ ಅದೇ ಬರುತ್ತದೆ. ಆದರೆ ನಿವೃತ್ತಿಗೆ ಹತ್ತಿರ ಬಂದವರಿಗೆ ಅದು ಎಲ್ಲರೆದುರು ಮೂಗು ಕುಯ್ದ ಹಾಗೆ.

ಅಕ್ಕನ ಮುದ್ರೆಯನ್ನು ಹಿಂದಕ್ಕೆ ಪಡೆಯಬೇಕೆಂದು ಬರೆದವಳು ಮುಖ್ಯಸ್ಥೆಯೇ. ಕಾರಣ ಒಂದು ಬೊಟ್ಟು.

ತಕ್ಕಡಿ ಕೋಣೆಯಲ್ಲಿ ಹಳೆಯದೊಂದು ಪದ್ಧತಿಯಿತ್ತು. ತೂಕದಲ್ಲಿ ಕೂದಲೆಳೆಯಷ್ಟು ಕಡಿಮೆ ಇರುವ ಬೊಟ್ಟೊಂದನ್ನು ಮುಖ್ಯಸ್ಥರು ತಮ್ಮ ಬಳಿ ಇಟ್ಟುಕೊಂಡು, ಆಗಾಗ ಯಾರಾದರೊಬ್ಬ ಪರೀಕ್ಷಕರ ಟ್ರೇಯಲ್ಲಿ ಗುಟ್ಟಾಗಿ ಸೇರಿಸುತ್ತಿದ್ದರು. ಪರೀಕ್ಷಕರು ಅದನ್ನು ಹಿಡಿದು ತಿರಸ್ಕರಿಸಿದರೆ ಕೆಲಸ ಚೊಕ್ಕವಾಗಿದೆ ಎಂದರ್ಥ. ಅದಕ್ಕೆ ಎಲ್ಲರೂ ಇಟ್ಟ ಹೆಸರು ಸುಳ್ಳು ಬೊಟ್ಟು. ಅದು ಸರದಿಯಂತೆ ಎಲ್ಲರ ಟ್ರೇಗೂ ಹೋಗಬೇಕು. ಕಳೆದ ಒಂದು ವರ್ಷದಿಂದ ಅಕ್ಕನ ಟ್ರೇಗೇ ಹೆಚ್ಚಾಗಿ ಹೋಗಿತ್ತು. ಅಕ್ಕ ಪ್ರತಿ ಸಲವೂ ಅದನ್ನು ಹಿಡಿದು, ಮಾತಿಲ್ಲದೆ ಮುಖ್ಯಸ್ಥೆಯ ಮೇಜಿನ ಮೇಲೆ ತಂದಿಟ್ಟಿದ್ದರು. ಒಂದು ಸಂಜೆ ಮಾತ್ರ ಹಿಡಿಯಲಿಲ್ಲ, ಮುದ್ರೆ ಒತ್ತಿಬಿಟ್ಟರು. ಮರುದಿನ ಬೆಳಿಗ್ಗೆ ವರದಿ ಸಿದ್ಧವಾಗಿತ್ತು.

ಸಂಧಾನಕ್ಕೆಂದು ಕೊಟ್ಟ ಕೋಣೆ ಮೊದಲು ಮುರಿದ ಕುರ್ಚಿಗಳ ಗೋದಾಮಾಗಿತ್ತು. ದುಂಡು ಮೇಜಿದ್ದರೆ ಜಗಳದ ಕಾವು ಇಳಿಯುತ್ತದೆ ಎಂದು ಮೇಲಿನವರು ಯಾರೋ ಹೇಳಿದ್ದರಿಂದ ದುಂಡು ಮೇಜೊಂದನ್ನು ತರಿಸಿದ್ದರು. ಅದರ ಒಂದು ಕಾಲು ಗಿಡ್ಡ. ಸಂಧಾನಕಾರರಾಗಿ ನೇಮಕವಾಗಿದ್ದ ಉಗ್ರಾಣದ ಅಧಿಕಾರಿ ಬಗ್ಗಿ, ಆ ಕಾಲಿನಡಿ ರಟ್ಟಿನ ಚೂರು ತುರುಕಿ, ಏದುಸಿರು ಬಿಡುತ್ತಾ ಮೇಲೆದ್ದರು.

“ನೋಡಿ, ಅಳತೆ ಇಲಾಖೇಲೇ ನೆಟ್ಟಗಿರೋ ಮೇಜು ಸಿಗಲ್ಲ” ಎಂದರು. “ಕೂತ್ಕೊಳ್ಳಿ. ಒಂದು ವಾರ ತರಬೇತಿ ಕೊಟ್ಟು ಇಲಾಖೆ ನನಗೆ ಎರಡು ಅಧಿಕಾರ ಕೊಟ್ಟಿದೆ. ಬಾಗಿಲು ಹಾಕೋದು, ಚಹಾ ತರಿಸೋದು. ತೀರ್ಪು ಕೊಡೋ ಹಾಗಿಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತೆ. ಮನೇಲಿ ಹೆಂಡತಿ ಕೇಳಿದ್ರೂ ಹೇಳಲ್ಲ. ಅವಳು ಕೇಳೋದೂ ಇಲ್ಲ ಬಿಡಿ, ನನ್ನ ಆಫೀಸಿನ ಸುದ್ದಿ ಅಂದ್ರೆ ಅವಳಿಗೆ ನಿದ್ದೆ ಬರುತ್ತೆ.”

ಅಕ್ಕ ನಕ್ಕರು. ಮುಖ್ಯಸ್ಥೆ ನಗಲಿಲ್ಲ.

“ಅಕ್ಕ, ಶುರು ಮಾಡಿ.”

ಅಕ್ಕ ಸೆರಗನ್ನು ಮಡಿಲಿಗೆ ಎಳೆದುಕೊಂಡರು. “ನನಗೆ ಭಾಷಣ ಬರಲ್ಲ. ಈ ಮುದ್ರೆ ನನ್ನ ಕೈಗೆ ಬಂದಾಗ ನನ್ನ ಮಗನಿಗೆ ಹಾಲುಹಲ್ಲು. ಈಗ ಅವನ ತಲೆ ಬೋಳಾಗ್ತಿದೆ. ಇಷ್ಟು ದಿನದಲ್ಲಿ ನನಗೆ ಎಷ್ಟು ಮುಖ್ಯಸ್ಥರು ಬಂದ್ರೋ ಹೋದ್ರೋ. ಬೈದವರಿದ್ದಾರೆ, ಬಾಗಿಲಾಚೆ ನಿಲ್ಲಿಸಿದವರಿದ್ದಾರೆ. ಯಾರ ಮೇಲೂ ನಾನು ಕಾಗದ ಹಾಕಿದವಳಲ್ಲ. ಆದ್ರೆ ಈ ವರ್ಷ ತಕ್ಕಡಿ ಮುಂದೆ ಕೂತಾಗೆಲ್ಲ ನನಗೆ ಬೆನ್ನು ಸುಡ್ತಿತ್ತು. ಅದ್ಯಾಕೆ ಅಂತ ಮೇಡಂಗೆ ಗೊತ್ತು. ನಾನು ಹೇಳೋದು ಇಷ್ಟೇ.”

ಸಂಧಾನಕಾರರು ಮುಖ್ಯಸ್ಥೆಯ ಕಡೆ ತಿರುಗಿದರು. “ಈಗ ನೀವು ಮೇಡಂ. ಉತ್ತರ ಬೇಡ. ಅಕ್ಕ ಏನಂದ್ರು ಅಷ್ಟೇ.”

ಮುಖ್ಯಸ್ಥೆ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. “ನನ್ನ ವರದಿ ತಪ್ಪು ಅನ್ನೋದು ಅಕ್ಕನ ದೂರು. ಆ ಸಂಜೆಯ ಪರೀಕ್ಷೆ ಸರಿಯಾಗೇ ಇತ್ತು, ಆದರೂ ನಾನು ಅವರ ವಿರುದ್ಧ ಬರೆದೆ ಅಂತ.”

“ಅಲ್ಲ” ಎಂದರು ಅಕ್ಕ, ಕಡ್ಡಿ ಮುರಿದ ಹಾಗೆ. “ಆ ಸಂಜೆ ನಾನು ತಪ್ಪಿದ್ದು ನಿಜ. ಕಣ್ಣು ಮಂಜಾಗಿತ್ತು, ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ವರದೀಲಿ ಒಂದಕ್ಷರವೂ ಸುಳ್ಳಿಲ್ಲ.”

ಮುಖ್ಯಸ್ಥೆಗೆ ಕಾಲಿನಡಿಯ ಮೆಟ್ಟಿಲು ತಪ್ಪಿದಂತಾಯಿತು. ಅವಳು ತಂದಿದ್ದ ಸಮರ್ಥನೆಯೆಲ್ಲ ಆ ಆರೋಪಕ್ಕೇ ಹೊಂದಿಸಿದ್ದು. ಮತ್ತೆ ಪ್ರಯತ್ನಿಸಿದಳು: “ಹಾಗಾದ್ರೆ, ಸುಳ್ಳು ಬೊಟ್ಟನ್ನ ಸರದಿ ಪ್ರಕಾರ ಇಡಲಿಲ್ಲ, ನಿಮ್ಮ ಟ್ರೇಗೇ ಜಾಸ್ತಿ ಇಟ್ಟೆ ಅಂತ.”

“ಅದು ಅರ್ಧ.”

“ಇನ್ನರ್ಧ?”

“ಅದನ್ನ ನಾನು ಹೇಳಿದ್ರೆ ಏನು ಬಂತು? ನಿಮ್ಮ ಬಾಯಲ್ಲಿ ಬರಬೇಕು ಅಂತಲ್ವಾ ಈ ಮೇಜು, ಈ ಸಂಧಾನ ಎಲ್ಲ?”

ಸಂಧಾನಕಾರರು ಇಬ್ಬರನ್ನೂ ನೋಡಿ, ತಮ್ಮ ಎರಡನೆಯ ಅಧಿಕಾರವನ್ನು ಚಲಾಯಿಸಲು ಹೊರಗೆ ಹೋದರು. ಅಕ್ಕ ಕುರ್ಚಿಗೊರಗಿ ಕಣ್ಣು ಮುಚ್ಚಿಕೊಂಡರು. ಮುಖ್ಯಸ್ಥೆ ಎದ್ದು ಕಿಟಕಿಯ ಬಳಿ ನಿಂತಳು. ಕೆಳಗೆ ಅಂಗಳದಲ್ಲಿ ಅಂಗಡಿಯವರು ತಮ್ಮ ತಕ್ಕಡಿಗಳನ್ನು ಮಕ್ಕಳಂತೆ ತೊಡೆಯ ಮೇಲಿಟ್ಟುಕೊಂಡು ಸರದಿ ಕಾಯುತ್ತಿದ್ದರು.

ಇನ್ನರ್ಧ ಏನೆಂದು ತನಗೆ ಗೊತ್ತಿಲ್ಲ ಎಂದೇ ಅವಳು ಮೊದಲು ನಂಬಿದಳು. ಅಕ್ಕನಿಗೆ ವಯಸ್ಸಾಗಿದೆ, ವಯಸ್ಸಾದವರ ಕೆಲಸವನ್ನು ಹೆಚ್ಚು ಸಲ ತಪಾಸಣೆ ಮಾಡುವುದರಲ್ಲಿ ತಪ್ಪೇನು? ಈ ತರ್ಕವನ್ನು ಅವಳು ವರ್ಷವಿಡೀ ತನಗೇ ಹೇಳಿಕೊಂಡಿದ್ದಳು. ಆದರೆ ಅದೇ ಕೋಣೆಯಲ್ಲಿ ಅಕ್ಕನಿಗಿಂತ ಹಿರಿಯರೊಬ್ಬರಿದ್ದರು, ದಪ್ಪ ಕನ್ನಡಕದವರು. ಅವರ ಟ್ರೇಗೆ ಸುಳ್ಳು ಬೊಟ್ಟು ಹೋದದ್ದೇ ಅಪರೂಪ. ಹಾಗಾದರೆ ಕಾರಣ ವಯಸ್ಸಲ್ಲ.

ಕಾರಣ ಒಂದು ಬೆರಳು.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಕೆಲಸ ಕಲಿಸಿದವರು ಅಕ್ಕನೇ. ಒಂದು ದಿನ ಅವಳು ಇಲಾಖೆಯ ಮಾದರಿ ಬೊಟ್ಟನ್ನು ಚಿಮುಟದಿಂದ ಹಿಡಿಯದೆ ಬರಿಗೈಯಲ್ಲಿ ಎತ್ತಿಬಿಟ್ಟಿದ್ದಳು. ಬೆರಳಿನ ಜಿಡ್ಡು ತಾಗಿದರೂ ಅದರ ತೂಕ ಬದಲಾಗುತ್ತದೆ. ಅಂಥ ಬೊಟ್ಟು ಅದು. ಶುಚಿ ಮಾಡಿ ಮತ್ತೆ ತೂಗಿಸಲು ದೊಡ್ಡ ಪ್ರಯೋಗಶಾಲೆಗೆ ಕಳಿಸಬೇಕಾಯಿತು. ಅಂದು ಅಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ, ಪ್ರತಿ ವರ್ಷ ಹೊಸಬರು ಬಂದಾಗಲೂ ಆ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿ ನಗಿಸುತ್ತಿದ್ದರು. ಅವಳು ಮುಖ್ಯಸ್ಥೆಯಾದ ಮೇಲೂ ಕಥೆ ನಿಲ್ಲಲಿಲ್ಲ. ಬೆನ್ನ ಹಿಂದೆ ಅವಳಿಗೆ ‘ಬೆರಳು ಮೇಡಂ’ ಎಂಬ ಹೆಸರು ಬಿದ್ದಿತು. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ನಡೆದುಹೋಗುತ್ತಿದ್ದಳು.

ಅಕ್ಕ ಸುಳ್ಳು ಬೊಟ್ಟನ್ನು ಹಿಡಿದು ತಂದಿಟ್ಟಾಗಲೆಲ್ಲ ತನ್ನೊಳಗೆ ಏನಾಗುತ್ತಿತ್ತು? ಕೆಲಸ ಸರಿಯಾಗಿದೆ ಎಂದು ಮುಖ್ಯಸ್ಥೆಗೆ ಸಮಾಧಾನವಾಗಬೇಕಿತ್ತು. ಆಗುತ್ತಿದ್ದುದು ನಿರಾಸೆ. ಅಕ್ಕ ತಪ್ಪಿದ ಸಂಜೆ ಅವಳು ಮನೆಗೆ ಹೋಗುವಾಗ ದಾರಿಯಲ್ಲಿ ಬಸ್ಸಿಳಿದು ಮನೆಯವರಿಗೆಲ್ಲ ಐಸ್‌ಕ್ರೀಮ್ ಕೊಂಡಿದ್ದಳು. ಗಂಡ ಏನು ವಿಶೇಷ ಎಂದ. “ಸುಮ್ಮನೆ” ಎಂದಳು. ಅತ್ತೆ ಚಮಚ ನೆಕ್ಕುತ್ತಾ, “ಸುಮ್ಮನೆ ಯಾರೂ ಇಷ್ಟು ಹಲ್ಲು ಬಿಡಲ್ಲ ಕಣೇ” ಎಂದಿದ್ದರು. ಅಂದು ರಾತ್ರಿ ಹೊಟ್ಟೆಗೆ ಹಾಲು ಹೊಯ್ದಂತೆ ಹಾಯಾಗಿ ನಿದ್ದೆ ಬಂದಿತ್ತು.

ಅವಳ ಕಿವಿಯ ತುದಿಯವರೆಗೂ ಬಿಸಿ ಏರಿತು. ಇದನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಯಾಗುತ್ತದೆ, ಪ್ರಕರಣ ಸಮಿತಿಗೆ ಹೋಗುತ್ತದೆ. ಸಮಿತಿ ವರದಿಯನ್ನು ನೋಡುತ್ತದೆ, ಒತ್ತಿದ ಮುದ್ರೆಯನ್ನು ನೋಡುತ್ತದೆ. ಅಲ್ಲಿ ಗೆಲ್ಲುವವಳು ತಾನೇ. ಅಷ್ಟು ಖಚಿತವಾಗಿ ಗೊತ್ತಿದ್ದದ್ದೇ ಅವಳ ತಲೆಯನ್ನು ಇನ್ನೂ ತಗ್ಗಿಸಿತು.

ಚಹಾ ಬಂತು. ಅವಳು ಲೋಟವನ್ನು ಮುಟ್ಟದೆ ಕೂತಳು.

“ಇನ್ನೊಂದು ಸಲ ನೋಡೋಣ್ವಾ ಮೇಡಂ?” ಎಂದರು ಸಂಧಾನಕಾರರು. “ಇಲ್ಲಾಂದ್ರೆ ಇಲ್ಲ ಅನ್ನಿ. ಬಲವಂತ ಇಲ್ಲ.”

“ಹೇಳ್ತೀನಿ.” ಅವಳು ಮೇಜನ್ನೇ ನೋಡುತ್ತಾ ಮತ್ತೆ ಶುರು ಮಾಡಿದಳು. “ಅಕ್ಕ, ನಿಮ್ಮ ದೂರು ಇದು. ನೀವು ತಪ್ಪಲಿ ಅಂತ ನಾನು ಕಾಯ್ತಿದ್ದೆ. ನೀವು ಬೊಟ್ಟು ಹಿಡಿದು ತಂದುಕೊಟ್ಟಾಗೆಲ್ಲ ನನಗೆ ಬೇಜಾರಾಗ್ತಿತ್ತು. ತಪ್ಪಿದ ದಿನ ಖುಷಿ ಆಯ್ತು. ಅದೆಲ್ಲ ನಿಮಗೆ ಗೊತ್ತಾಗ್ತಿತ್ತು.”

“ಹೌದು” ಎಂದರು ಅಕ್ಕ. “ನನ್ನ ನೋವು ಇದೇ.”

“ಅಷ್ಟು ಕಾಣ್ತಿತ್ತಾ?”

“ಇಡೀ ಜೀವಮಾನ ತಕ್ಕಡಿ ಮುಳ್ಳು ಅಲ್ಲಾಡೋದನ್ನ ನೋಡ್ಕೊಂಡು ಬಂದವಳು ನಾನು. ಮನುಷ್ಯರ ಮುಖ ಅಲ್ಲಾಡಿದ್ರೆ ಕಾಣಲ್ವಾ?” ಅಕ್ಕ ತಮ್ಮ ಲೋಟವನ್ನು ದೂರ ಸರಿಸಿದರು. “ಆ ಸಂಜೆ ನನ್ನ ಟ್ರೇ ಎತ್ಕೊಂಡು ಹೋಗುವಾಗ ನೀವು ಹಾಡು ಗುನುಗ್ತಿದ್ರಿ. ನಿಮಗೆ ಅದೂ ನೆನಪಿಲ್ವೇನೋ.”

ನೆನಪಿರಲಿಲ್ಲ. ಐಸ್‌ಕ್ರೀಮ್ ನೆನಪಿತ್ತು, ಹಾಡು ಇರಲಿಲ್ಲ. ಯಾರೂ ಕೇಳಿಲ್ಲ ಎಂದುಕೊಂಡದ್ದನ್ನು ಕೇಳಬಾರದವರೇ ಕೇಳಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಯಾಕೆ ಅನ್ನುತ್ತಾರೆಂದು ಅವಳಿಗೆ ಆಗ ತಿಳಿಯಿತು. ಆದರೆ ಕಾಲಡಿಯ ನೆಲ ಗಟ್ಟಿಯಾಗಿಯೇ ಇತ್ತು, ಮತ್ತು ಸರದಿ ಈಗ ಅವಳದು.

“ನೀವು ಹೇಳಿ ಮೇಡಂ” ಎಂದರು ಸಂಧಾನಕಾರರು. “ಅಕ್ಕನ ಮೇಲೆ ನಿಮಗೇನಿದೆ?”

ಒಬ್ಬರ ಮುದ್ರೆಗೆ ಕೈ ಹಾಕಿಸಿದ ಕಾರಣ ಬಾಯಿಗೆ ಬಂದಾಗ ಎಷ್ಟು ಚಿಕ್ಕದಾಗಿತ್ತು. “ಬೆರಳಿನ ಕಥೆ” ಎಂದಳು ಅವಳು. “ಹೊಸಬರಿಗೆಲ್ಲ ಹೇಳ್ತೀರಲ್ಲ. ಅದು.”

ಅಕ್ಕ ಮೊದಲು ಅರ್ಥವಾಗದೆ ನೋಡಿದರು. ಆಮೇಲೆ ಅವರ ಕೈ ತಾನಾಗಿ ಬಾಯಿಗೆ ಹೋಯಿತು. ತಿರುಗಿ ಹೇಳಲು ಅವರಿಗೆ ಒಂದೇ ಸಲ ಸಾಕಾಯಿತು. “ನಾನು ನಗಿಸೋಕೆ ಅಂತ ಹೇಳ್ದೆ. ನೀವು ನಗೋರ ಮಧ್ಯೆ ನಿಂತು ಪ್ರತಿ ವರ್ಷ ಕೇಳಿಸ್ಕೊಂಡ್ರಿ. ನಿಮ್ಮ ಕೆಳಗೆ ಕೆಲಸ ಮಾಡೋರೂ ನಕ್ಕರು. ಇದೇ ತಾನೇ?”

“ಹೌದು.”

“ನಾಳೆಯಿಂದ ಆ ಕಥೆ ನನ್ನ ಬಾಯಲ್ಲಿ ಬರಲ್ಲ.” ಅಕ್ಕ ತಲೆಯಾಡಿಸಿದರು. “ಒಂದು ಮಾತು ಹೇಳಬಾರದಿತ್ತೇನು ಮಗಳೇ? ‘ಅಕ್ಕ, ನಿಲ್ಲಿಸಿ’ ಅಂದಿದ್ರೆ ಅವತ್ತೇ ಮುಗಿದುಹೋಗ್ತಿತ್ತು.”

ಮಗಳೇ ಎಂದು ಅಕ್ಕ ಅವಳನ್ನು ಕೊನೆಯ ಸಲ ಕರೆದದ್ದು ಅವಳು ಮುಖ್ಯಸ್ಥೆಯಾಗುವ ಮುಂಚೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಇದನ್ನು ತಡೆದುಕೊಳ್ಳಲಾಗದೆ ಅವಳು ಕರವಸ್ತ್ರ ಹುಡುಕಿದಳು.

ಸಂಧಾನಕಾರರು ಗಂಟಲು ಸರಿಮಾಡಿಕೊಂಡು, ಬಿಳಿ ಹಾಳೆಯೊಂದನ್ನು ಎಳೆದುಕೊಂಡರು. “ಸಂತೋಷ. ಈಗ ಮೇಲಿನವರಿಗೆ ಒಂದು ಸಾಲು ಕಳಿಸಬೇಕು. ನಾನೇ ಹೇಳ್ತೀನಿ, ಮೇಡಂ ಬರೆದು ಸಹಿ ಹಾಕಿದ್ರೆ ಮುಗೀತು. ‘ಪರಸ್ಪರ ಒಪ್ಪಿಗೆಯ ಮೇರೆಗೆ ವರದಿಯನ್ನು ಹಿಂದಕ್ಕೆ ಪಡೆಯಲಾಗಿದೆ.’ ಕಾರಣ ಬರೆಯೋದು ಬೇಡ. ಕೇಳೋ ಹಾಗೂ ಇಲ್ಲ, ನಿಯಮ ಇದೆ. ಅಕ್ಕನ ಮುದ್ರೆ ಅಕ್ಕನ ಹತ್ರ, ನಿಮ್ಮ ಮರ್ಯಾದೆ ನಿಮ್ಮ ಹತ್ರ.”

“ನನಗೆ ಅಷ್ಟೇ ಸಾಕು” ಎಂದರು ಅಕ್ಕ.

ಮುಖ್ಯಸ್ಥೆ ಆ ಸಾಲನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ನಾಳೆ ಅದು ತಕ್ಕಡಿ ಕೋಣೆಗೆ ಹೇಗೆ ತಲುಪುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಕ್ಕ ಕೈಕಾಲು ಹಿಡಿದುಕೊಂಡರಂತೆ, ಮೇಡಂ ಕರುಣೆ ತೋರಿಸಿದರಂತೆ ಎನ್ನುತ್ತಾರೆ. ಕಣ್ಣು ಮಂಜಾದ ಮುದುಕಿಯೆಂಬ ಮಾತು ಅಕ್ಕನಿಗೆ ನಿವೃತ್ತಿಯವರೆಗೂ ಅಂಟಿಕೊಳ್ಳುತ್ತದೆ. ಗುಟ್ಟು ಕಾಯುವ ನಿಯಮ ಇಬ್ಬರಿಗೂ ಒಂದೇ. ಅದರ ನೆರಳು ಸಿಗುವುದು ಮಾತ್ರ ತನ್ನೊಬ್ಬಳಿಗೆ.

“ನನ್ನ ಮಾತನ್ನ ನಾನು ಹೊರಗೆ ಹೇಳಬಹುದಲ್ವಾ?” ಎಂದು ಕೇಳಿದಳು.

“ನಿಮ್ಮ ಮಾತು, ನಿಮ್ಮಿಷ್ಟ. ಆದ್ರೆ ಯೋಚನೆ ಮಾಡಿ ಮೇಡಂ. ಬರೆದ ಮೇಲೆ ಅದು ನಿಮ್ಮ ಸೇವಾ ದಾಖಲೆಗೆ ಹೋಗುತ್ತೆ. ಬಡ್ತಿ ಹತ್ರ ಇದೆ ನಿಮಗೆ. ಕೈಯಾರೆ ಕಲ್ಲು ಹಾಕ್ಕೋತೀರಾ?”

“ಬೇಡ ಬಿಡಿ ಮೇಡಂ” ಎಂದರು ಅಕ್ಕನೂ. “ಈ ಗೋಡೆ ಕೇಳ್ತಲ್ಲ, ಸಾಕು.”

ಮುಖ್ಯಸ್ಥೆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಸಂಧಾನಕಾರರು ಹೇಳಿದ ಸಾಲನ್ನು ಮೊದಲು ಬರೆದಳು. ಅದರ ಕೆಳಗೆ, ಯಾವುದೇ ಪರೀಕ್ಷೆಯ ಕೊನೆಗೆ ಬರೆಯುವಂತೆ, ‘ನಿರ್ಣಯ’ ಎಂದು ಬರೆದು ಅಡಿಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಅವಳು ಅದನ್ನು ತಿದ್ದಲಿಲ್ಲ. ಬರೆದುದನ್ನು ಇಬ್ಬರಿಗೂ ಕೇಳುವಂತೆ ಓದಿದಳು:

“ಈ ತಪಾಸಣೆ ಪರೀಕ್ಷಕಿಯ ಕೆಲಸವನ್ನು ಅಳೆಯಲು ನಡೆದದ್ದಲ್ಲ. ಅವರು ತಪ್ಪಬೇಕೆಂಬ ಮುಖ್ಯಸ್ಥೆಯ ವೈಯಕ್ತಿಕ ಆಸೆಯಿಂದ ನಡೆದದ್ದು. ಆದ್ದರಿಂದ ಅದರ ಫಲಿತಾಂಶ ಅಸಿಂಧು.”